ಕ್ಲೌಡ್‌ನಲ್ಲಿಟ್ಟ ಫೈಲಿನ ಬೀಗದ ಕೈ ಯಾರ ಹತ್ತಿರ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಹಳೆಯದಾಗಿದೆ. ಆಗಾಗ ತಾನಾಗಿಯೇ ಆಫ್ ಆಗುತ್ತದೆ. ಅದರಲ್ಲಿ 2009ರಿಂದ ತೆಗೆದ ಫೋಟೋಗಳಿವೆ. ಮನೆಯವರೆಲ್ಲರ ಸರ್ಟಿಫಿಕೇಟ್‌ಗಳ ಸ್ಕ್ಯಾನ್, ಆಸ್ತಿ ಪತ್ರ, ಅಪ್ಪನ ಆಸ್ಪತ್ರೆ ರಿಪೋರ್ಟ್‌ಗಳು, ಎಲ್ಲ ಪಾಸ್‌ವರ್ಡ್ ಬರೆದಿಟ್ಟ ಒಂದು ಎಕ್ಸೆಲ್ ಫೈಲ್ ಕೂಡ ಇದೆ. ಒಟ್ಟು ಸುಮಾರು 180 ಜಿಬಿ. 'ಎಲ್ಲ ಕ್ಲೌಡ್‌ಗೆ ಹಾಕಿಬಿಡು, ತಲೆಬಿಸಿಯೇ ಇರಲ್ಲ' ಅನ್ನುತ್ತಾರೆ ನಮ್ಮ ಭಾವ. 'ಹಾಕಿದರೆ ಮುಗೀತು, ಕಂಪನಿಯವರು ಎಲ್ಲಾ ನೋಡ್ತಾರೆ, ಸುಮ್ನೆ ಒಂದು ಹಾರ್ಡ್ ಡಿಸ್ಕ್ ತಗೋ' ಅನ್ನುತ್ತಾಳೆ ಗೆಳತಿ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಕೆಲಸ. ಆ ಎಕ್ಸೆಲ್ ಫೈಲನ್ನು ಈಗಲೇ ಎಲ್ಲಿಗೂ ಹಾಕಬೇಡಿ. ಅದರ ವಿಷಯ ಆಮೇಲೆ ಬರುತ್ತದೆ.

ನಿಮ್ಮ ಭಾವನೂ ಸರಿ, ಗೆಳತಿಯೂ ಸರಿ. ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಭಯದ ಬಗ್ಗೆ, ಅಷ್ಟೇ. ಫೈಲ್ ಕಳೆದುಹೋದರೆ ಏನು ಗತಿ ಅನ್ನುವುದು ಭಾವನ ಭಯ. ಫೈಲನ್ನು ಬೇರೆಯವರು ನೋಡಿದರೆ ಅನ್ನುವುದು ಗೆಳತಿಯದು. ತೊಂದರೆ ಏನೆಂದರೆ, ಒಂದು ಭಯಕ್ಕೆ ಮದ್ದು ಮಾಡಿದರೆ ಇನ್ನೊಂದು ಸ್ವಲ್ಪ ಜಾಸ್ತಿ ಆಗುತ್ತದೆ. ಅದಕ್ಕೇ 180 ಜಿಬಿಗೂ ಸೇರಿಸಿ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಗೆಳತಿಯ ಮಾತಿನಿಂದ ಶುರು ಮಾಡೋಣ. ಕಂಪನಿಯವರು ನೋಡುತ್ತಾರಾ? ನೋಡಬಹುದಾ ಅಂತ ಕೇಳಿದರೆ, ನಾವೆಲ್ಲ ಬಳಸುವ ಹೆಚ್ಚಿನ ಸೇವೆಗಳಲ್ಲಿ ಹೌದು, ನೋಡಲು ಸಾಧ್ಯ. ಕೂತು ನೋಡುತ್ತಾರಾ ಅಂದರೆ, ನಿಮ್ಮ ಅಪ್ಪನ ರಿಪೋರ್ಟ್ ಓದಲು ಅಲ್ಲಿ ಯಾರೂ ಪುರುಸೊತ್ತಾಗಿ ಕೂತಿಲ್ಲ. ಆದರೆ 'ನಿಮ್ಮ ಫೈಲ್ ಎನ್‌ಕ್ರಿಪ್ಟ್ ಆಗಿದೆ' ಅಂತ ಅವರ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದಿ ನಿಶ್ಚಿಂತೆಯಾಗಬೇಡಿ. ಆ ಮಾತು ಸುಳ್ಳಲ್ಲ. ನಿಮ್ಮ ಕಂಪ್ಯೂಟರ್‌ನಿಂದ ಅವರ ಸರ್ವರ್‌ಗೆ ಹೋಗುವಾಗ ಫೈಲಿಗೆ ಬೀಗ ಬಿದ್ದಿರುತ್ತದೆ. ಅವರ ಡಿಸ್ಕ್‌ನಲ್ಲಿ ಕೂತಾಗಲೂ ಬಿದ್ದಿರುತ್ತದೆ, ಸಾಮಾನ್ಯವಾಗಿ ಎಇಎಸ್-256 ಅನ್ನುವ ಗಟ್ಟಿ ಬೀಗವೇ. ಡೇಟಾ ಸೆಂಟರ್‌ಗೆ ನುಗ್ಗಿ ಯಾರೋ ಒಂದು ಡಿಸ್ಕ್ ಕದ್ದುಕೊಂಡು ಹೋದರೆ ಅವನಿಗೆ ಏನೂ ಸಿಗುವುದಿಲ್ಲ. ಬೀಗ ಚೆನ್ನಾಗಿದೆ. ಬೀಗದ ಕೈ ಮಾತ್ರ ಕಂಪನಿಯ ಹತ್ತಿರವೇ ಇದೆ.

ಇದನ್ನು ಪತ್ತೆ ಮಾಡಲು ತಾಂತ್ರಿಕ ಪುಟಗಳನ್ನೆಲ್ಲ ಓದಬೇಕಿಲ್ಲ. ಪಾಸ್‌ವರ್ಡ್ ಮರೆತರೆ ಏನಾಗುತ್ತದೆ ಅಂತ ನೋಡಿ. 'ಪಾಸ್‌ವರ್ಡ್ ಮರೆತಿರಾ?' ಒತ್ತಿ, ಫೋನಿಗೆ ಬಂದ ಒಟಿಪಿ ಹಾಕಿದ ಕೂಡಲೇ ಎಲ್ಲ ಫೈಲೂ ಮೊದಲಿನ ಹಾಗೆ ತೆರೆದುಕೊಂಡರೆ, ಕೀಲಿ ಅವರ ಹತ್ತಿರ ಇದೆ ಅಂತಲೇ ಅರ್ಥ. ಇಲ್ಲದಿದ್ದರೆ ಹೇಗೆ ತೆರೆದುಕೊಟ್ಟರು? 'ಪಾಸ್‌ವರ್ಡೂ ಹೋಗಿ ರಿಕವರಿ ಕೀಯೂ ಕಳೆದರೆ ನಾವೇನೂ ಮಾಡಲಾಗದು' ಅಂತ ಕಡ್ಡಿ ಮುರಿದ ಹಾಗೆ ಹೇಳುವ ಸೇವೆಯಲ್ಲಿ ಕೀಲಿ ನಿಮ್ಮ ಕೈಯಲ್ಲಿದೆ. ಇದಕ್ಕೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಪ್ರೋಟಾನ್ ಡ್ರೈವ್, ಮೆಗಾ, ಟ್ರೆಸೊರಿಟ್ ಈ ಜಾತಿಯವು. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಮಾಮೂಲಿ ಅಕೌಂಟ್ ಮೊದಲ ಜಾತಿ. ಒನ್‌ಡ್ರೈವ್‌ನಲ್ಲಿ 'ಪರ್ಸನಲ್ ವಾಲ್ಟ್' ಅಂತ ಒಂದು ಫೋಲ್ಡರ್ ಇದೆ. ಅದು ಇನ್ನೊಂದು ಬಾಗಿಲು, ನಿಜ. ಆದರೆ ಅದರ ಕೀಲಿಯೂ ಕಂಪನಿಯ ಗೊಂಚಲಿನಲ್ಲೇ ಇದೆ.

ಆಪಲ್‌ನದು ನಡುವಿನ ದಾರಿ. ಐಕ್ಲೌಡ್‌ನಲ್ಲಿ ಪಾಸ್‌ವರ್ಡ್‌ಗಳು, ಆರೋಗ್ಯದ ಮಾಹಿತಿಯಂಥ ಕೆಲವಕ್ಕೆ ಮೊದಲಿಂದಲೂ ನಿಮ್ಮದೇ ಕೀಲಿ. ಫೋಟೋ, ಫೈಲ್, ಫೋನಿನ ಬ್ಯಾಕಪ್‌ಗೂ ಅದೇ ಬೇಕು ಅಂದರೆ 'ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್' ಅನ್ನುವುದನ್ನು ನೀವೇ ಆನ್ ಮಾಡಬೇಕು. ಇದು ಬಂದದ್ದು 2022ರ ಡಿಸೆಂಬರ್‌ನಲ್ಲಿ. ಆನ್ ಮಾಡಿದರೂ ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಇದರೊಳಗೆ ಬರುವುದಿಲ್ಲ. 2025ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರದ ಒತ್ತಡದಿಂದಾಗಿ ಆಪಲ್ ಆ ದೇಶದಲ್ಲಿ ಈ ಸೌಲಭ್ಯ ಕೊಡುವುದನ್ನೇ ನಿಲ್ಲಿಸಿತು. ಸೌಲಭ್ಯ ಇವತ್ತು ಇದೆ ಅಂದರೆ ಸದಾ ಇರುತ್ತದೆ ಅಂತ ಏನಿಲ್ಲ.

ವಾಟ್ಸಾಪ್‌ನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎಷ್ಟೋ ಜನ ಆಸ್ತಿ ಪತ್ರವನ್ನು ಕ್ಲೌಡ್‌ಗೆ ಹಾಕಲು ಹೆದರುತ್ತಾರೆ, ಅದೇ ಪತ್ರವನ್ನು ತಮ್ಮನಿಗೆ ವಾಟ್ಸಾಪ್ ಮಾಡುತ್ತಾರೆ. ಮೆಸೇಜು ಹೋಗುವಾಗ ಭದ್ರವಾಗಿಯೇ ಹೋಗುತ್ತದೆ. ಆದರೆ ರಾತ್ರಿ ಅದು ಕ್ಲೌಡ್‌ಗೆ ಬ್ಯಾಕಪ್ ಆಗುವಾಗ ಆ ರಕ್ಷಣೆ ಜೊತೆಗೆ ಹೋಗಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿ ಆನ್ ಮಾಡಬೇಕು. ಈ ಸೌಲಭ್ಯ 2021ರಿಂದ ಇದೆ. ಒಂದು ಪಾಸ್‌ವರ್ಡ್ ಇಡಬಹುದು, ಇಲ್ಲವೇ 64 ಅಂಕಿ-ಅಕ್ಷರಗಳ ಕೀಲಿ ತೆಗೆದುಕೊಳ್ಳಬಹುದು. ನಿಮ್ಮ ಫೋನಿನಲ್ಲಿ ಆನ್ ಇದೆಯಾ, ಒಮ್ಮೆ ನೋಡಿ.

ಸರಿ, ಕೀಲಿ ಕಂಪನಿಯ ಹತ್ತಿರ ಇದ್ದರೆ ಏನೀಗ? ಅದನ್ನು ಯಾರು ಬಳಸಬಹುದು ಅಂತ ನೋಡೋಣ.

ಮೊದಲನೆಯದು ಯಂತ್ರ. ಫೋಟೋದಲ್ಲಿ ಯಾರ ಮುಖ ಇದೆ ಅಂತ ಗುಂಪು ಮಾಡುವುದು, ಸ್ಕ್ಯಾನ್‌ನೊಳಗಿನ ಅಕ್ಷರ ಹುಡುಕುವುದು, ವೈರಸ್ ಇದೆಯಾ ನೋಡುವುದು, ಇದನ್ನೆಲ್ಲ ಯಂತ್ರವೇ ಮಾಡುತ್ತದೆ. ಜಾಹೀರಾತಿಗಾಗಿ ಜಿಮೇಲ್‌ನ ಪತ್ರಗಳನ್ನು ಯಂತ್ರದಿಂದ ಓದಿಸುವುದನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ ಹೇಳಿದ್ದು 2017ರಲ್ಲಿ. ಡ್ರೈವ್, ಫೋಟೋಸ್‌ನ ಒಳಗಿರುವುದನ್ನು ಜಾಹೀರಾತಿಗೆ ಬಳಸುವುದಿಲ್ಲ ಅಂತಲೂ ಅದು ಹೇಳುತ್ತದೆ. ಇದರ ಜೊತೆಗೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆ ಮಾಡಲು ದೊಡ್ಡ ಕಂಪನಿಗಳು ಫೋಟೋಗಳನ್ನು ಯಂತ್ರದಿಂದ ತಪಾಸಣೆ ಮಾಡಿಸುತ್ತವೆ. ಇದಕ್ಕೆಂದೇ ಮೈಕ್ರೋಸಾಫ್ಟ್ 2009ರಲ್ಲಿ ಫೋಟೋಡಿಎನ್‌ಎ ಅನ್ನುವ ತಂತ್ರ ತಂದಿತ್ತು. ಉದ್ದೇಶದ ಬಗ್ಗೆ ಯಾರದ್ದೂ ತಕರಾರಿಲ್ಲ. ಆದರೆ ಯಂತ್ರ ತಪ್ಪು ಮಾಡಿದಾಗ ಏನಾಗುತ್ತದೆ ಅನ್ನುವುದಕ್ಕೆ 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಪ್ರಕರಣ ವರದಿ ಮಾಡಿತು. ಪುಟ್ಟ ಮಗನಿಗೆ ಸೋಂಕಾಗಿ ಬಾವು ಬಂದಿತ್ತು. ಡಾಕ್ಟರಿಗೆ ಕಳಿಸಲು ಅಪ್ಪ ಅದರ ಫೋಟೋ ತೆಗೆದರು. ಅದು ತಾನಾಗಿಯೇ ಕ್ಲೌಡ್‌ಗೆ ಹೋಯಿತು, ಯಂತ್ರ ಅನುಮಾನಪಟ್ಟಿತು, ಗೂಗಲ್ ಅಕೌಂಟ್ ಮುಚ್ಚಿತು. ಪೊಲೀಸರು ತನಿಖೆ ಮಾಡಿ ತಪ್ಪೇನೂ ಇಲ್ಲ ಅಂದರು. ಅಕೌಂಟ್ ಮಾತ್ರ ವಾಪಸ್ ಬರಲಿಲ್ಲ. ಮೇಲ್, ಕಾಂಟ್ಯಾಕ್ಟ್ಸ್, ವರ್ಷಗಟ್ಟಲೆಯ ಫೋಟೋ, ಕೊನೆಗೆ ಫೋನ್ ನಂಬರ್ ಕೂಡ ಹೋಯಿತು.

ಈ ಪ್ರಕರಣವನ್ನು ಜನ ಖಾಸಗಿತನದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಒಂದೇ ಅಕೌಂಟನ್ನು ನೆಚ್ಚಿಕೊಂಡ ಕಥೆಯಾಗಿ ಕಾಣುತ್ತದೆ. ಅದಕ್ಕೆ ಮತ್ತೆ ಬರುತ್ತೇನೆ.

ಎರಡನೆಯದು ಕಾನೂನು. ಕೀಲಿ ಇರುವ ಕಂಪನಿಗೆ ಸರಿಯಾದ ಆದೇಶ ಬಂದರೆ ಅದು ತೆರೆದು ಕೊಡಬೇಕಾಗುತ್ತದೆ. ಅಮೆರಿಕದ 2018ರ ಕ್ಲೌಡ್ ಆಕ್ಟ್ ಪ್ರಕಾರ, ಸರ್ವರ್ ಬೇರೆ ದೇಶದಲ್ಲಿದ್ದರೂ ಅಮೆರಿಕದ ಕಂಪನಿ ಮಾಹಿತಿ ಕೊಡಬೇಕು. ಮೂರನೆಯದು ಒಳಗಿನ ಮನುಷ್ಯರು. 2010ರಲ್ಲಿ ಗೂಗಲ್ ತನ್ನ ಒಬ್ಬ ಎಂಜಿನಿಯರನ್ನು ಕೆಲಸದಿಂದ ತೆಗೆಯಿತು. ಬಳಕೆದಾರರ ಅಕೌಂಟ್‌ಗಳನ್ನು ಇಣುಕಿ ನೋಡಿದ್ದು ಕಾರಣ. ನಾಲ್ಕನೆಯದು ಸುಮ್ನೆ ಎಡವಟ್ಟು. 2011ರ ಜೂನ್‌ನಲ್ಲಿ ಡ್ರಾಪ್‌ಬಾಕ್ಸ್‌ನವರು ಒಂದು ಅಪ್‌ಡೇಟ್ ಹಾಕಿದರು. ಅದರಲ್ಲಿದ್ದ ದೋಷದಿಂದ ಸುಮಾರು ನಾಲ್ಕು ಗಂಟೆ ಕಾಲ ಯಾವ ಪಾಸ್‌ವರ್ಡ್ ಹಾಕಿದರೂ ಯಾರ ಅಕೌಂಟ್ ಬೇಕಾದರೂ ತೆರೆದುಕೊಳ್ಳುತ್ತಿತ್ತು!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನಾನು ಜನರ ಕಂಪ್ಯೂಟರ್ ಗೋಳು ಕೇಳುತ್ತಾ ಬಂದು ಬಹಳ ವರ್ಷವಾಯಿತು. ಈ ನಾಲ್ಕರಲ್ಲಿ ಯಾವುದಾದರೂ ಒಂದರಿಂದ ಕೆಟ್ಟವರು ನನ್ನ ಹತ್ತಿರ ಬಂದದ್ದಿಲ್ಲ. ಬಂದವರೆಲ್ಲ ಎರಡೇ ಬಗೆ. ತಮ್ಮ ಅಕೌಂಟ್‌ಗೆ ಬೇರೆ ಯಾರೋ ಲಾಗಿನ್ ಆಗಿ ತೊಂದರೆಗೆ ಸಿಕ್ಕವರು ಒಂದು ಬಗೆ. ತಾವೇ ಬಾಗಿಲು ತೆರೆದಿಟ್ಟು ಮರೆತವರು ಇನ್ನೊಂದು ಬಗೆ.

ಬೇರೆಯವರು ಲಾಗಿನ್ ಆಗುವುದು ಹೇಗೆ ಅಂತ ನಿಮಗೆ ಗೊತ್ತಿದೆ. ಎಲ್ಲ ಕಡೆ ಒಂದೇ ಪಾಸ್‌ವರ್ಡ್, ಅದು ಎಲ್ಲೋ ಒಂದು ಕಡೆ ಸೋರಿಕೆ. ಇಲ್ಲವೇ ಕಂಪನಿಯದೇ ಅನ್ನುವ ಹಾಗೆ ಕಾಣುವ ಸುಳ್ಳು ಮೇಲ್. 2014ರಲ್ಲಿ ಹಾಲಿವುಡ್ ನಟಿಯರ ಖಾಸಗಿ ಫೋಟೋಗಳು ಹೊರಬಿದ್ದಾಗ 'ಐಕ್ಲೌಡ್ ಒಡೆದರು' ಅಂತ ಗುಲ್ಲಾಯಿತು. ಕೇಸು ನಡೆದಾಗ ಗೊತ್ತಾದದ್ದು, ಸುಳ್ಳು ಮೇಲ್ ಕಳಿಸಿ ಪಾಸ್‌ವರ್ಡನ್ನು ಅವರಿಂದಲೇ ಬರೆಸಿಕೊಂಡಿದ್ದರು ಅಂತ. ಇದಕ್ಕೆ ಮದ್ದು ಹಳೆಯದೇ. ಎರಡು ಹಂತದ ಲಾಗಿನ್ ಆನ್ ಮಾಡಿ. ಎಸ್‌ಎಂಎಸ್ ಒಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ವಾಸಿ, ಅದಕ್ಕಿಂತ ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನಿನ ಪಿನ್ ಕೊಟ್ಟು ಒಳಹೋಗುವ ಪಾಸ್‌ಕೀ ವಾಸಿ. ಜೊತೆಗೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಫೋನ್ ಕಳೆದ ದಿನ ಆ ಕಾಗದದ ಬೆಲೆ ಗೊತ್ತಾಗುತ್ತದೆ.

ತಾವೇ ಬಾಗಿಲು ತೆರೆದಿಡುವುದು ಇದಕ್ಕಿಂತ ಸಲೀಸು. ಒಂದು ಸಲ ಪರಿಚಯದವರೊಬ್ಬರು ಪ್ರವಾಸದ ಫೋಟೋಗಳನ್ನು ಒಂದು ಫೋಲ್ಡರ್‌ಗೆ ಹಾಕಿ, 'ಲಿಂಕ್ ಇರುವ ಯಾರಾದರೂ ನೋಡಬಹುದು' ಅಂತ ಆರಿಸಿ, ನಲವತ್ತು ಜನರ ಗ್ರೂಪಿಗೆ ಲಿಂಕ್ ಕಳಿಸಿದ್ದರು. ಎರಡು ವರ್ಷ ಕಳೆಯಿತು. ಯಾವುದೋ ಸಾಲದ ಅರ್ಜಿಗೆ ಬೇಕಾಗಿ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸ್ಕ್ಯಾನ್ ಮಾಡಿದರು. ಕೈಗೆ ಸಿಕ್ಕ ಫೋಲ್ಡರ್‌ಗೆ ಹಾಕಿದರು. ಅದೇ ಫೋಲ್ಡರ್. ಫೋಲ್ಡರ್ ಹಂಚಿದರೆ ಇವತ್ತು ಅದರಲ್ಲಿರುವುದಷ್ಟೇ ಅಲ್ಲ, ನಾಳೆ ಹಾಕುವುದೂ ಹಂಚಿದ ಹಾಗೆ. ಗ್ರೂಪಿನಲ್ಲಿದ್ದ ಒಬ್ಬರು ಹಳೆಯ ಫೋಟೋ ಹುಡುಕಲು ಹೋಗಿ, ಮುಜುಗರಪಡುತ್ತಾ ಫೋನ್ ಮಾಡಿ ಹೇಳಿದಾಗಲೇ ಇವರಿಗೆ ಗೊತ್ತಾದದ್ದು. ಅದಕ್ಕೇ ಹೇಳುತ್ತೇನೆ, ಆದಷ್ಟು ಫೈಲನ್ನು ಹಂಚಿ, ಫೋಲ್ಡರನ್ನಲ್ಲ. ಲಿಂಕ್ ಬದಲು ಅವರ ಇಮೇಲ್ ಹಾಕಿ ಹಂಚಿ. ಕೆಲಸ ಮುಗಿದ ದಿನವೇ ವಾಪಸ್ ತೆಗೆಯಿರಿ.

ಇನ್ನು ಭಾವನ ಮಾತು. 'ಕ್ಲೌಡ್‌ಗೆ ಹಾಕಿದರೆ ತಲೆಬಿಸಿ ಇಲ್ಲ.' ಇದರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ. ಅದಕ್ಕೆ ನಾನೇ ಸಿಕ್ಕಿಬಿದ್ದಿದ್ದೆ.

ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲುತ್ತಿರಲಿಲ್ಲ. ಒಂದು ಭಾನುವಾರ ಕೂತು ಸ್ವಚ್ಛ ಮಾಡಿದೆ. 'ಹಳೇದು' ಅಂತ ಹೆಸರಿದ್ದ ಒಂದು ಫೋಲ್ಡರ್, ಹನ್ನೊಂದು ಜಿಬಿ. 'ಇದು ಹೇಗೂ ಕ್ಲೌಡ್‌ನಲ್ಲಿ ಇದೆಯಲ್ಲ' ಅಂದುಕೊಂಡು ಡಿಲೀಟ್ ಮಾಡಿದೆ. ಕ್ಲೌಡ್ ಬಹಳ ವಿಧೇಯ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದನ್ನು ತಾನೂ ಅಳಿಸಿತು. ಫೋನಿನಲ್ಲೂ ಅಳಿಸಿತು. ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಒಂದು ಹಳೆಯ ಪತ್ರ ಬೇಕಾದಾಗ. ಟ್ರ್ಯಾಶ್‌ನಲ್ಲಿ ನೋಡಿದರೆ ಖಾಲಿ. ಮೂವತ್ತು ದಿನ ಆದ ಮೇಲೆ ಅಲ್ಲಿಂದಲೂ ಹೋಗುತ್ತದೆ ಅನ್ನುವುದು ನಾನು ಹತ್ತು ಜನರಿಗೆ ಹೇಳಿಕೊಟ್ಟ ಪಾಠ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಮೇಲೆ ಸೆಟ್ಟಿಂಗ್ಸ್ ಎಲ್ಲ ತಡಕಾಡಿದೆ. ಕೊನೆಗೆ ಟೇಬಲ್ ಡ್ರಾಯರ್‌ನಲ್ಲಿದ್ದ ಒಂದು ಪೆನ್ ಡ್ರೈವ್‌ನಲ್ಲಿ ಅರ್ಧ ಸಿಕ್ಕಿತು. ಉಳಿದರ್ಧ ಇವತ್ತಿಗೂ ಇಲ್ಲ.

ಅಲ್ಲಿ ನನಗಿದ್ದದ್ದು ಸಿಂಕ್. ಬ್ಯಾಕಪ್ ಅಂತ ನಾನು ಅಂದುಕೊಂಡಿದ್ದೆ, ಅಷ್ಟೇ. ಸಿಂಕ್ ಅಂದರೆ ಕನ್ನಡಿ. ಇಲ್ಲಿ ಕೈ ಎತ್ತಿದರೆ ಅಲ್ಲೂ ಎತ್ತುತ್ತದೆ, ಇಲ್ಲಿ ಬಿದ್ದರೆ ಅಲ್ಲೂ ಬೀಳುತ್ತದೆ. ಬ್ಯಾಕಪ್ ಅಂದರೆ ಮುಖ್ಯ ಪ್ರತಿಗೆ ಏನೇ ಆದರೂ ತನ್ನ ಪಾಡಿಗೆ ತಾನಿರುವ ಇನ್ನೊಂದು ಪ್ರತಿ. ನಾವು ಬಳಸುವ ಹೆಚ್ಚಿನ ಡ್ರೈವ್‌ಗಳು ಕನ್ನಡಿಗಳು. ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಅನ್ನುವ, ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ ಬಂದು ಫೈಲ್‌ಗಳನ್ನೆಲ್ಲ ಕೆಡಿಸಿದರೆ, ಆ ಕೆಟ್ಟ ಫೈಲ್‌ಗಳೇ ಶ್ರದ್ಧೆಯಿಂದ ಕ್ಲೌಡ್‌ಗೂ ಹೋಗುತ್ತವೆ. ಹಳೆಯ ಆವೃತ್ತಿಗಳನ್ನು ಕೆಲವು ದಿನ ಇಟ್ಟುಕೊಳ್ಳುವ ಸೌಲಭ್ಯ ಇರುತ್ತದೆ, ಅದು ಕಾಪಾಡಬಹುದು. ಆ ಕೆಲವು ದಿನದೊಳಗೆ ನೀವು ಗಮನಿಸಿರಬೇಕು ಅಷ್ಟೆ.

ಅಕೌಂಟೇ ಹೋಗುವುದು ಇನ್ನೊಂದು ದಾರಿ. ಮೇಲೆ ಹೇಳಿದ ಅಪ್ಪನದು ಅಪರೂಪದ ಪ್ರಕರಣ ಇರಬಹುದು. ಆದರೆ ಎರಡು ವರ್ಷ ಮುಟ್ಟದ ಗೂಗಲ್ ಅಕೌಂಟ್‌ಗಳನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಫೋಟೋಗಳಿಗೆಂದೇ ಬೇರೆ ಒಂದು ಅಕೌಂಟ್ ಮಾಡಿಟ್ಟು ಮರೆತವರು ಇದನ್ನು ನೆನಪಿಡಿ. 2012ರಲ್ಲಿ ಮ್ಯಾಟ್ ಹೋನನ್ ಅನ್ನುವ ತಂತ್ರಜ್ಞಾನ ಪತ್ರಕರ್ತರಿಗೇ ಆದದ್ದು ಇನ್ನೂ ವಿಚಿತ್ರ. ಅವರ ಪಾಸ್‌ವರ್ಡನ್ನು ಯಾರೂ ಕದಿಯಲಿಲ್ಲ. ಎರಡು ಕಂಪನಿಗಳ ಸಹಾಯವಾಣಿಗೆ ಫೋನ್ ಮಾಡಿ, ಒಂದು ಕಡೆ ಸಿಕ್ಕ ಮಾಹಿತಿಯನ್ನು ಇನ್ನೊಂದು ಕಡೆ ಹೇಳಿ, ಪುಂಡರು ಅವರ ಐಕ್ಲೌಡ್‌ಗೆ ನುಗ್ಗಿದರು. ಅಲ್ಲಿಂದ ಅವರ ಫೋನ್, ಐಪ್ಯಾಡ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿದರು. ಮಗಳ ಮೊದಲ ವರ್ಷದ ಫೋಟೋಗಳು ಆ ಲ್ಯಾಪ್‌ಟಾಪ್‌ನಲ್ಲಿದ್ದವು. ಬೇರೆ ಕಡೆ ಬ್ಯಾಕಪ್ ಇರಲಿಲ್ಲ.

ಹಾಗಾದರೆ ಗೆಳತಿ ಹೇಳಿದ ಹಾಗೆ ಹಾರ್ಡ್ ಡಿಸ್ಕ್ ಒಂದೇ ಸಾಕಾ? ಸಾಲದು. ಹಾರ್ಡ್ ಡಿಸ್ಕ್ ಕೆಳಗೆ ಬೀಳುತ್ತದೆ, ಕಳುವಾಗುತ್ತದೆ, ಏನೂ ಆಗದೆ ಡ್ರಾಯರ್‌ನಲ್ಲಿ ಇದ್ದದ್ದೂ ಒಂದು ದಿನ ಟಿಕ್ ಟಿಕ್ ಅಂದು ಕೈಕೊಡುತ್ತದೆ. ಇಂಟರ್‌ನೆಟ್‌ಗೆ ಜೋಡಿಸಿ 'ನಮ್ಮ ಮನೆಯದೇ ಕ್ಲೌಡ್' ಮಾಡಿಕೊಂಡವರ ಪಾಡೂ ಕೇಳಿ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಅನ್ನುವ ಡಿಸ್ಕ್‌ಗೆ 2015ರಿಂದ ಅಪ್‌ಡೇಟ್ ಬಂದಿರಲಿಲ್ಲ. 2021ರ ಜೂನ್‌ನಲ್ಲಿ ಯಾರೋ ಅದರ ದೋಷ ಬಳಸಿಕೊಂಡು ದೂರದಿಂದಲೇ ರೀಸೆಟ್ ಮಾಡಿದರು. ಬೆಳಗ್ಗೆ ಎದ್ದು ನೋಡಿದರೆ ಜನರ ಡಿಸ್ಕ್ ಖಾಲಿ. ಹಾಗಂತ ದೊಡ್ಡ ಡೇಟಾ ಸೆಂಟರ್ ಶಾಶ್ವತವೂ ಅಲ್ಲ. ಅದೇ ವರ್ಷ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಗಿರಾಕಿಗಳಿಗೆ ಎರಡೂ ಹೋಯಿತು. ಎರಡು ಪ್ರತಿಗಳು ಒಂದೇ ರೀತಿ ಸಾಯಬಾರದು. ಅದಕ್ಕೇ ಒಂದು ಕ್ಲೌಡ್‌ನಲ್ಲಿ, ಒಂದು ಕೈಯಲ್ಲಿ.

ಈಗ ನಿಮ್ಮ 180 ಜಿಬಿ. ಪ್ರತಿ ಫೋಲ್ಡರ್ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಕಳೆದರೆ ಎಷ್ಟು ಅಳುತ್ತೇನೆ? ಇದನ್ನು ಬೇರೆಯವರು ನೋಡಿದರೆ ಎಷ್ಟು ಕೆಡುತ್ತದೆ?

ಫೋಟೋಗಳು ನಿಮ್ಮ ರಾಶಿಯ ಮುಕ್ಕಾಲು ಪಾಲು ಇರುತ್ತವೆ, ಅಲ್ವಾ? ಕಳೆದರೆ ಮತ್ತೆ ಸಿಗುವುದಿಲ್ಲ. ಬೆಟ್ಟ, ಮದುವೆ, ಮಕ್ಕಳ ಹುಟ್ಟುಹಬ್ಬವನ್ನು ಯಾರೋ ನೋಡಿದರೆ ಆಕಾಶ ಬೀಳುವುದಿಲ್ಲ. ಇವನ್ನು ಮಾಮೂಲಿ ಕ್ಲೌಡ್‌ಗೆ ಹಾಕಿ ಅಂತಲೇ ನಾನು ಹೇಳುವುದು. ಖಾಸಗಿತನದ ಬಗ್ಗೆ ಕಟ್ಟುನಿಟ್ಟಾಗಿರುವ ನನ್ನ ಕೆಲವು ಸ್ನೇಹಿತರು ಇದನ್ನು ಒಪ್ಪುವುದಿಲ್ಲ. ಎಲ್ಲಕ್ಕೂ ಸ್ವಂತ ಬೀಗ ಹಾಕಬೇಕು ಅನ್ನುತ್ತಾರೆ. ಆದರೆ ಅಮ್ಮನ ಹೆಸರು ಒತ್ತಿದರೆ ಅಮ್ಮನ ಫೋಟೋಗಳೆಲ್ಲ ಬರುವುದು, ಹೊಸ ಫೋನ್ ಕೊಂಡ ಹತ್ತು ನಿಮಿಷಕ್ಕೆ ಹಳೆಯದೆಲ್ಲ ಕಾಣುವುದು, ಈ ಸುಖ ಸಣ್ಣದಲ್ಲ. ಎಂಡ್-ಟು-ಎಂಡ್ ಸೇವೆಯಲ್ಲಿ ಒಳಗೇನಿದೆ ಅಂತ ಸರ್ವರ್‌ಗೆ ಕಾಣುವುದೇ ಇಲ್ಲ. ಹುಡುಕಾಟದ ಕೆಲಸವೆಲ್ಲ ನಿಮ್ಮ ಫೋನೇ ಮಾಡಬೇಕು, ಇಲ್ಲವೇ ಆಗುವುದೇ ಇಲ್ಲ. ಬಳಸಲು ತ್ರಾಸಾದರೆ ಮೂರೇ ತಿಂಗಳಿಗೆ ಬ್ಯಾಕಪ್ ಮಾಡುವುದನ್ನೇ ಬಿಡುತ್ತೀರಿ. ಅದನ್ನೂ ನೋಡಿದ್ದೇನೆ. ಮೈಮೇಲೆ ಬಟ್ಟೆ ಇಲ್ಲದ ಮಕ್ಕಳ ಫೋಟೋ, ವೈದ್ಯಕೀಯ ಫೋಟೋಗಳನ್ನು ಮಾತ್ರ ಈ ರಾಶಿಯಿಂದ ಬೇರೆ ತೆಗೆಯಿರಿ. ಫೋನಿನ ಆಟೋ ಬ್ಯಾಕಪ್‌ಗೆ ಯಾವ ಯಾವ ಫೋಲ್ಡರ್ ಹೋಗುತ್ತಿದೆ ಅಂತಲೂ ನೋಡಿ. ಎಷ್ಟೋ ಫೋನ್‌ಗಳಲ್ಲಿ ಕ್ಯಾಮೆರಾ ಜೊತೆಗೆ ವಾಟ್ಸಾಪ್ ಚಿತ್ರ, ಸ್ಕ್ರೀನ್‌ಶಾಟ್ ಎಲ್ಲ ಸೇರಿ ಹೋಗುತ್ತಿರುತ್ತವೆ.

ಆಸ್ತಿ ಪತ್ರ, ಗುರುತಿನ ಚೀಟಿ, ಸರ್ಟಿಫಿಕೇಟ್, ಅಪ್ಪನ ರಿಪೋರ್ಟ್: ಇದು ಎರಡನೇ ರಾಶಿ. ಎಲ್ಲ ಸೇರಿ ಎರಡು ಜಿಬಿಯೂ ಆಗಲಿಕ್ಕಿಲ್ಲ. ಕಳೆದರೂ ಕಷ್ಟ, ಸಿಕ್ಕಬಾರದವರಿಗೆ ಸಿಕ್ಕರೂ ಕಷ್ಟ. ಇದಕ್ಕೆ ನಿಮ್ಮದೇ ಬೀಗ ಹಾಕಿ. ಅದಕ್ಕಾಗಿ ಬೇರೆ ಸೇವೆಗೆ ಹೋಗಲೇಬೇಕು ಅಂತಿಲ್ಲ. ಕ್ರಿಪ್ಟೊಮೇಟರ್ ಅಂತ ಒಂದು ಓಪನ್ ಸೋರ್ಸ್ ತಂತ್ರಾಂಶ ಇದೆ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಿಮ್ಮ ಈಗಿನ ಡ್ರೈವ್‌ನೊಳಗೇ ಅದು ಒಂದು ತಿಜೋರಿ ಮಾಡಿಕೊಡುತ್ತದೆ. ಪಾಸ್‌ವರ್ಡ್ ಹಾಕಿದರೆ ನಿಮಗೆ ಒಂದು ಹೊಸ ಡಿಸ್ಕ್ ಕಂಡ ಹಾಗೆ ಕಾಣುತ್ತದೆ. ಅದರೊಳಗೆ 'ಅಪ್ಪನ ಸ್ಕ್ಯಾನ್ ಮಾರ್ಚ್' ಅಂತ ಫೈಲ್ ಇಡುತ್ತೀರಿ. ಈಗ ಅದೇ ಡ್ರೈವನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಅಲ್ಲಿ 'ಡಿ' ಅನ್ನುವ ಒಂದು ಫೋಲ್ಡರ್. ಅದರೊಳಗೆ ಎರಡೆರಡು ಅಕ್ಷರದ ಹೆಸರಿನ ಫೋಲ್ಡರ್‌ಗಳು. ಅವುಗಳೊಳಗೆ ಇನ್ನೊಂದು ಉದ್ದ ಹೆಸರಿನ ಫೋಲ್ಡರ್. ಕೊನೆಗೆ ಅರ್ಥವಿಲ್ಲದ ಅಕ್ಷರಗಳ ಸಾಲು, ಬಾಲದಲ್ಲಿ 'ಸಿ9ಆರ್'. ಅಪ್ಪನೂ ಇಲ್ಲ, ಮಾರ್ಚೂ ಇಲ್ಲ. ಕಂಪನಿಗೆ ಕಾಣುವುದು ಅಷ್ಟೇ. ಎಷ್ಟು ಫೈಲಿವೆ, ಒಂದೊಂದೂ ಸುಮಾರು ಎಷ್ಟು ದೊಡ್ಡದು, ಯಾವಾಗ ಬದಲಾಯಿತು ಅನ್ನುವುದು ಮಾತ್ರ ಮುಚ್ಚುವುದಿಲ್ಲ.

ಹೊಸ ತಂತ್ರಾಂಶ ಬೇಡ ಅನಿಸಿದರೆ, ಫೈಲ್‌ಗಳನ್ನೆಲ್ಲ ಒಂದೇ ಗಂಟು ಕಟ್ಟುವ 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ 7ಜೆಡ್ ಕಡತ ಮಾಡಿ, ಅದನ್ನು ಅಪ್‌ಲೋಡ್ ಮಾಡಬಹುದು. ಅಲ್ಲಿ ಫೈಲಿನ ಹೆಸರನ್ನೂ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಒಳಗಿರುವುದು ಮುಚ್ಚಿರುತ್ತದೆ, ಹೆಸರುಗಳು ಎಲ್ಲರಿಗೂ ಕಾಣುತ್ತವೆ. ಫೈಲಿನ ಹೆಸರೇ ರೋಗದ ಹೆಸರಾಗಿದ್ದರೆ ಇನ್ನೇನು ಮುಚ್ಚಿದ ಹಾಗಾಯಿತು?

ಆದರೆ ಕೀಲಿ ನಿಮ್ಮ ಕೈಗೆ ಬಂದ ಕ್ಷಣದಿಂದ ಅದನ್ನು ಕಳೆಯುವ ಸ್ವಾತಂತ್ರ್ಯವೂ ನಿಮ್ಮದೇ. ಒಟಿಪಿ ಹಾಕಿ ತೆರೆಸಲು ಅಲ್ಲಿ ಯಾರೂ ಇಲ್ಲ. ತಿಜೋರಿ ಮಾಡುವಾಗ ಒಂದು ರಿಕವರಿ ಕೀ ಕೊಡುತ್ತದೆ, ಇಂಗ್ಲಿಷ್ ಪದಗಳ ಉದ್ದನೆಯ ಸಾಲು. ಅದನ್ನು ಪ್ರಿಂಟ್ ತೆಗೆದು, ಅಸಲು ಆಸ್ತಿ ಪತ್ರ ಎಲ್ಲಿಟ್ಟಿದ್ದೀರೋ ಅಲ್ಲೇ ಇಡಿ. ಸ್ಕ್ರೀನ್‌ಶಾಟ್ ತೆಗೆಯಬೇಡಿ. ತೆಗೆದರೆ ಅದು ಫೋಟೋಗಳ ಜೊತೆಗೆ ತಾನಾಗಿ ಕ್ಲೌಡ್‌ಗೆ ಹೋಗಿ ಕೂರುತ್ತದೆ!

ಮೂರನೇ ರಾಶಿ ನಿಮ್ಮ ಎಕ್ಸೆಲ್ ಫೈಲ್. ಅದನ್ನು ರಾಶಿ ಅನ್ನಬಾರದು, ಅದು ಉಳಿದ ಎಲ್ಲ ರಾಶಿಗಳ ಬೀಗದ ಕೈ. ಅದು ಫೈಲಾಗಿ ಎಲ್ಲೂ ಇರಬಾರದು, ಕ್ಲೌಡ್‌ನಲ್ಲೂ, ಲ್ಯಾಪ್‌ಟಾಪ್‌ನಲ್ಲೂ. ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಟ್ಟುಕೊಳ್ಳುವ ಬಿಟ್‌ವಾರ್ಡನ್ ಅಥವಾ ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ಗೆ ಎಲ್ಲವನ್ನೂ ಸಾಗಿಸಿ, ಮುಖ್ಯವಾದ ನಾಲ್ಕೈದು ಅಕೌಂಟ್‌ಗಳ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಅಳಿಸಿ. ಟ್ರ್ಯಾಶ್‌ನಿಂದಲೂ. ನಿಮಗೇ ನೀವು ಮೇಲ್ ಮಾಡಿಕೊಂಡಿದ್ದರೆ ಅಲ್ಲಿಂದಲೂ.

ಅಪ್‌ಲೋಡ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊದಲೇ ತಿಳಿದಿರಲಿ. ಇಂಟರ್‌ನೆಟ್ ಕಂಪನಿಗಳು ದೊಡ್ಡದಾಗಿ ಹೇಳುವುದು ಡೌನ್‌ಲೋಡ್ ವೇಗ. ಅಪ್‌ಲೋಡ್ ಎಷ್ಟೋ ಕಡೆ ಅದಕ್ಕಿಂತ ಬಹಳ ಕಡಿಮೆ. ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕರೆ 180 ಜಿಬಿ ಹೋಗಲು ಒಂದು ಕ್ಷಣವೂ ನಿಲ್ಲದೆ 40 ಗಂಟೆ ಬೇಕು. ಆಗಾಗ ಆಫ್ ಆಗುವ ಲ್ಯಾಪ್‌ಟಾಪ್‌ನಿಂದ ಇದು ಆಗುವ ಮಾತಲ್ಲ. ಆದ್ದರಿಂದ ಮೊದಲು ಗೆಳತಿಯ ಮಾತು ಕೇಳಿ. ಒಂದು ಹಾರ್ಡ್ ಡಿಸ್ಕ್ ತಂದು ಇವತ್ತೇ ಎಲ್ಲ ಕಾಪಿ ಮಾಡಿ. ಎಕ್ಸೆಲ್ ಬಿಟ್ಟು. ಆ ಡಿಸ್ಕ್‌ಗೂ ಪಾಸ್‌ವರ್ಡ್ ಹಾಕಿ, ಏಕೆಂದರೆ ಅದು ಕಳುವಾಗುವ ವಸ್ತು. ಆಮೇಲೆ ಗಟ್ಟಿಯಾಗಿರುವ ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪವಾಗಿ ಕ್ಲೌಡ್‌ಗೆ ಕಳಿಸಿ. ಗೂಗಲ್‌ನ ಉಚಿತ 15 ಜಿಬಿಯಲ್ಲಿ ನಿಮ್ಮ ಮೇಲ್‌ಗಳೂ ಸೇರಿವೆ, ಐಕ್ಲೌಡ್‌ನದು 5 ಜಿಬಿ. ದುಡ್ಡು ಕೊಟ್ಟು ಜಾಗ ತೆಗೆದುಕೊಳ್ಳಲೇಬೇಕಾಗುತ್ತದೆ. ಉಚಿತ ಅಂತ ಐದಾರು ಅಕೌಂಟ್ ಮಾಡಿ ಹರಡಬೇಡಿ. ಯಾವುದರಲ್ಲಿ ಏನಿದೆ ಅಂತ ನಿಮಗೇ ಮರೆತುಹೋಗುತ್ತದೆ.

ಕಾಪಿ ಆದ ಮೇಲೆ ಡಿಸ್ಕನ್ನು ಕಂಪ್ಯೂಟರ್‌ನಿಂದ ಕಳಚಿ ಎತ್ತಿಡಿ. ಯಾವಾಗಲೂ ಚುಚ್ಚಿಯೇ ಇದ್ದರೆ ರ‍್ಯಾನ್ಸಮ್‌ವೇರ್ ಬಂದ ದಿನ ಅದೂ ಹೋಗುತ್ತದೆ. ತಿಂಗಳಿಗೊಮ್ಮೆ ತೆಗೆದು ಹೊಸದನ್ನು ಸೇರಿಸಿ. ಕ್ಲೌಡ್‌ನಲ್ಲಿ ಮಾತ್ರ ಇರುವ ಫೋಟೋಗಳನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ. ಗೂಗಲ್‌ನಲ್ಲಿ ಅದಕ್ಕೆ 'ಟೇಕ್‌ಔಟ್' ಇದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಫೈಲ್‌ಗಳು ನಿಮ್ಮೊಬ್ಬರವಲ್ಲ, ಮನೆಯವರೆಲ್ಲರವು. ನಿಮಗೇನಾದರೂ ಆದರೆ ಅವರಿಗೆ ದಾರಿ ಇರಬೇಕು. ಗೂಗಲ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಇದೆ. ನೀವು ಇಷ್ಟು ತಿಂಗಳು ಅಕೌಂಟ್ ಮುಟ್ಟದಿದ್ದರೆ ಯಾರಿಗೆ ಏನು ಕೊಡಬೇಕು ಅಂತ ಅಲ್ಲಿ ಬರೆದಿಡಬಹುದು. ಆಪಲ್‌ನಲ್ಲಿ ಅದರ ಹೆಸರು 'ಲೆಗಸಿ ಕಾಂಟ್ಯಾಕ್ಟ್'. ಕ್ರಿಪ್ಟೊಮೇಟರ್ ತಿಜೋರಿಗೆ ಇಂಥದ್ದು ಯಾವುದೂ ಇಲ್ಲ. ರಿಕವರಿ ಕೀ ಇರುವ ಕಾಗದ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಬಾಯಿಮಾತಲ್ಲೇ ಹೇಳಿಡಿ.

ಎಲ್ಲ ಮುಗಿದ ಮೇಲೂ ಹಳೆಯ ಲ್ಯಾಪ್‌ಟಾಪ್‌ನ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ, ಒಂದು ತಿಂಗಳು ಹಾಗೇ ಇರಲಿ. ಆ ತಿಂಗಳಲ್ಲಿ ಒಂದು ದಿನ ಬೇರೆಯವರ ಕಂಪ್ಯೂಟರ್ ಮುಂದೆ ಕೂತು ಲಾಗಿನ್ ಆಗಿ. 2009ರ ಒಂದು ಫೋಟೋ ಇಳಿಸಿ ತೆರೆಯಿರಿ. ಆಮೇಲೆ ನಿಮ್ಮ ಫೋನಿನಲ್ಲಿ ತಿಜೋರಿಯಿಂದ ಅಪ್ಪನ ಒಂದು ರಿಪೋರ್ಟ್ ತೆರೆಯಿರಿ. ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ ಅಂದರೆ ಒಳ್ಳೆಯದೇ ಆಯಿತು, ಹಳೆಯ ಪ್ರತಿ ಇನ್ನೂ ಇದೆಯಲ್ಲ. ಎರಡೂ ತೆರೆದುಕೊಂಡರೆ ಆ ಕಂಪ್ಯೂಟರ್‌ನಿಂದ ಲಾಗ್‌ಔಟ್ ಆಗಿ, ಇಳಿಸಿದ ಫೋಟೋ ಅಳಿಸಿ, ಮನೆಗೆ ಬಂದು ಹಳೆಯ ಡಿಸ್ಕ್ ಫಾರ್ಮ್ಯಾಟ್ ಮಾಡಿ.